ಸೇನಾ ಅಂಚೆ: ಕಡಲಾಚೆಯ ಯೋಧ ಮತ್ತು ಮನೆಯ ನಡುವಿನ ಸಂಪರ್ಕ

ಸೇನಾ ಅಂಚೆ: ಮನೆಯಿಂದ ದೂರದಲ್ಲಿ, ಮುಖ್ಯವಾಗಿ ಕಡಲಾಚೆಯ ನೆಲೆಗಳಲ್ಲಿ, ಸೇವೆಯಲ್ಲಿರುವ ಸೈನಿಕರಿಗೂ ಅವರ ಮನೆಯವರಿಗೂ ನಡುವೆ ಕಾಗದ, ಹಣ, ಪಾರ್ಸೆಲ್ಲುಗಳನ್ನು ಸಾಗಿಸುವ ವ್ಯವಸ್ಥೆ. ವಿಶಾಲ ಅರ್ಥದಲ್ಲಿ ರೇಡಿಯೊ ಸಂದೇಶ, ದೂರವಾಣಿ, ಇ-ಮೇಲ್, ವಿಡಿಯೊ ಕರೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಊರಿನ ಅಂಚೆಗೂ ಇದಕ್ಕೂ ಮುಖ್ಯವಾಗಿ ಮೂರು ವ್ಯತ್ಯಾಸಗಳಿವೆ. ವಿಳಾಸದಾರ ಎಲ್ಲಿದ್ದಾನೆ ಎಂಬುದು ಗುಟ್ಟು. ಅವನು ಒಂದೇ ಕಡೆ ನಿಲ್ಲುವವನಲ್ಲ. ಬರೆದವರು ಮತ್ತು ಓದುವವರ ನಡುವೆ ಮೂರನೆಯವರೊಬ್ಬರು ಇದ್ದೇ ಇರುತ್ತಾರೆ. ಈ ಮೂರನೆಯವರು ಒಂದು ಕಾಲಕ್ಕೆ ಕಾಗದ ಬರೆದುಕೊಡುವ ಬರಹಗಾರ, ಇನ್ನೊಂದು ಕಾಲಕ್ಕೆ ಸೆನ್ಸಾರ್ ಅಧಿಕಾರಿ, ಮತ್ತೊಂದು ಕಾಲಕ್ಕೆ ರೇಡಿಯೊ ಹವ್ಯಾಸಿ. ಇತ್ತೀಚೆಗೆ ಮೊಬೈಲು ಬಿಟ್ಟುಕೊಡುವ ಸ್ಥಳದ ಸುಳಿವಿಗಾಗಿ ಕಾದಿರುವ ಶತ್ರು. ಹೀಗಾಗಿ ಸೈನಿಕನ ಕಾಗದದಲ್ಲಿ ಹೇಳಬಹುದಾದದ್ದು ಯಾವಾಗಲೂ ಕಡಿಮೆ. ಒಳಗೆ ಏನು ಬರೆದಿದೆ ಎಂಬುದಕ್ಕಿಂತ ಕಾಗದ ಬಂತು ಎಂಬುದೇ ಮನೆಗೆ ದೊಡ್ಡ ಸಮಾಚಾರ.

ಪ್ರಾಚೀನ ನಿದರ್ಶನಗಳು

ಸೈನಿಕರು ಮನೆಗೆ ಬರೆದ ಕಾಗದಗಳಲ್ಲಿ ಬಹಳ ಹಳೆಯವು ಚೀನಾದ ಹುಬೇ ಪ್ರಾಂತದ ಯುನ್‌ಮೆಂಗ್‌ನಲ್ಲಿ, ಚಿನ್ ಕಾಲದ ಗೋರಿಯೊಂದರಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಸಿಕ್ಕವು. ಹೇಯ್‌ಫು ಮತ್ತು ಜಿಂಗ್ ಎಂಬ ಇಬ್ಬರು ಸೋದರರು ಕ್ರಿ.ಪೂ. 3ನೆಯ ಶತಮಾನದಲ್ಲಿ ಯುದ್ಧಭೂಮಿಯಿಂದ ಮನೆಯಲ್ಲಿದ್ದ ಸೋದರನಿಗೆ ಇವನ್ನು ಮರದ ಪಟ್ಟಿಗಳ ಮೇಲೆ ಬರೆದಿದ್ದರು. ತಾಯಿಯ ಆರೋಗ್ಯ ವಿಚಾರಿಸಿದ ಮೇಲೆ ಹೇಯ್‌ಫು ಬೇಸಿಗೆಯ ಉಡುಪು ಕೇಳುತ್ತಾನೆ. ಊರಿನಲ್ಲಿ ಬಟ್ಟೆ ಅಗ್ಗವಾಗಿದ್ದರೆ ಹೊಲಿದು ಕಳಿಸಿ, ಇಲ್ಲವಾದರೆ ಹಣ ಕಳಿಸಿ, ಇಲ್ಲೇ ಹೊಲಿಸಿಕೊಳ್ಳುತ್ತೇನೆ ಎಂಬುದು ಅವನ ಲೆಕ್ಕಾಚಾರ.

ಬ್ರಿಟನ್ನಿನ ಹೇಡ್ರಿಯನ್ ಗೋಡೆಯ ಬಳಿಯ ವಿಂಡೊಲಾಂಡ ಕೋಟೆಯಲ್ಲಿ 1973ರಿಂದ ಸಿಗುತ್ತ ಬಂದ, ಸುಮಾರು ಕ್ರಿ.ಶ. 100ರ ಆಸುಪಾಸಿನ ಮರದ ಹಲಗೆಗಳಲ್ಲೊಂದು ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಒಳಚಡ್ಡಿ ಕಳಿಸಿರುವುದನ್ನು ತಿಳಿಸುತ್ತದೆ. ಈಜಿಪ್ಟಿನ ತೆಬ್ತುನಿಸ್‌ನಲ್ಲಿ 1899ರಲ್ಲಿ ಉತ್ಖನನದಿಂದ ದೊರೆತ ಪಪೈರಸ್ ಕಾಗದವೊಂದರದು ಬೇರೆಯೇ ಧಾಟಿ. ಅಲ್ಲಿಂದ ಹೊರಟು ಮಧ್ಯ ಯುರೋಪಿನ ಪನೋನಿಯದಲ್ಲಿ ರೋಮನ್ ಪಡೆಯಲ್ಲಿದ್ದ ಅವ್ರೇಲಿಯಸ್ ಪೋಲಿಯಾನ್ ತಾಯಿ, ತಂಗಿ, ತಮ್ಮನಿಗೆ ಬರೆದದ್ದು ಅದು. ಆರು ಕಾಗದ ಬರೆದರೂ ಒಂದಕ್ಕೂ ಉತ್ತರವಿಲ್ಲವೆಂದು ಗೋಳಾಡಿ, ರಜೆ ಕೇಳಿಕೊಂಡು ಮನೆಗೆ ಬರಲು ಪ್ರಯತ್ನಿಸುವುದಾಗಿ ಅವನು ತಿಳಿಸುತ್ತಾನೆ. ಬಟ್ಟೆ, ಹಣ, ಉತ್ತರ ಬಾರದ ಕಳವಳ: ಈ ಮೂರು ಮುಂದಿನ ಎರಡು ಸಾವಿರ ವರ್ಷಗಳ ಸೈನಿಕರ ಕಾಗದಗಳಲ್ಲೂ ಕಾಣುತ್ತವೆ.

ವ್ಯವಸ್ಥಿತ ಸೇನಾ ಅಂಚೆಯ ಉಗಮ

ಬಹುಕಾಲ ಸೈನ್ಯದ ಜೊತೆ ಓಡಾಡಿದ್ದು ದಂಡನಾಯಕರ ರಾಜಕೀಯ ಓಲೆಗಳೇ. ಸಾಮಾನ್ಯ ಸಿಪಾಯಿಯ ಕಾಗದಕ್ಕೆ ಸರ್ಕಾರ ರಿಯಾಯಿತಿ ಕೊಟ್ಟ ಆರಂಭದ ಉದಾಹರಣೆ ಬ್ರಿಟನ್ನಿನ 1795ರ ಕಾಯಿದೆ. ದಂಡಿನಾಳುಗಳೂ ನೌಕಾಪಡೆಯ ನಾವಿಕರೂ ಒಂದು ಪೆನ್ನಿಗೆ ಕಾಗದ ಕಳಿಸಬಹುದು. ಆದರೆ ಲಕೋಟೆಯ ಮೇಲೆ ಮೇಲಧಿಕಾರಿಯ ಸಹಿ ಇರಬೇಕು. ಹೀಗೆ ರಿಯಾಯಿತಿಯ ಬೆನ್ನಿಗೇ ಮೂರನೆಯವನ ಕಣ್ಣೂ ಬಂತು. 1853ರಲ್ಲಿ ಆರಂಭವಾದ ಕ್ರಿಮಿಯ ಯುದ್ಧದ ಕಾಲಕ್ಕೆ ಅಂಚೆ ಸಿಬ್ಬಂದಿಯನ್ನು ಸೈನ್ಯದ ಬೆನ್ನಿಗೆ ಕಳಿಸಲಾಯಿತು. 1882ರ ಈಜಿಪ್ಟ್ ದಂಡಯಾತ್ರೆಯ ವೇಳೆ ಬ್ರಿಟನ್ನಿನಲ್ಲಿ ಸೈನ್ಯದ್ದೇ ಅಂಚೆ ದಳ ಹುಟ್ಟಿತು.

ಭಾರತದಲ್ಲಿ ಈ ಪದ್ಧತಿ ಆ ದಳಕ್ಕಿಂತ ಮೊದಲಿನದು. 1856ರಲ್ಲಿ ಪರ್ಷಿಯದ ಬುಶೈರ್‌ಗೆ ಹೋದ ಭಾರತೀಯ ಪಡೆಯೊಂದಿಗೆ ಫೀಲ್ಡ್ ಪೋಸ್ಟ್ ಆಫೀಸು, ಅಂದರೆ ರಣರಂಗದ ಅಂಚೆ ಕಚೇರಿ ತೆರಳಿತ್ತು. 1900ರಲ್ಲಿ ಚೀನಾಕ್ಕೆ ಹೋದ ದಂಡಿಗಾಗಿ ಭಾರತದ ಅಂಚೆಚೀಟಿಗಳ ಮೇಲೆ ‘ಸಿ.ಇ.ಎಫ್.’ ಎಂದೂ, 1914ರಲ್ಲಿ ಯುರೋಪು ಮತ್ತು ಪಶ್ಚಿಮ ಏಷ್ಯಾಗಳಿಗೆ ಹೊರಟ ದಂಡುಗಳಿಗಾಗಿ ‘ಐ.ಇ.ಎಫ್.’ ಎಂದೂ ಅಕ್ಷರಗಳನ್ನು ಮೇಲಚ್ಚು ಹಾಕಲಾಯಿತು. ಅಂಚೆಚೀಟಿ ಸಂಗ್ರಾಹಕರು ಇಂದಿಗೂ ಹುಡುಕಿ ಇಟ್ಟುಕೊಳ್ಳುವ ಚೀಟಿಗಳಿವು.

ಮೊದಲನೆಯ ಮಹಾಯುದ್ಧ

ಸೇನಾ ಅಂಚೆ ಭಾರಿ ಉದ್ಯಮವಾಗಿ ಬೆಳೆದದ್ದು 1914–18ರ ಯುದ್ಧದಲ್ಲಿ. ಸಾಕ್ಷರತೆ ಹರಡಿದ್ದ ಯುರೋಪಿನ ದೇಶಗಳು ಮೊದಲ ಬಾರಿಗೆ ಲಕ್ಷಾಂತರ ಓದುಬಲ್ಲ ಯುವಕರನ್ನು ಕಂದಕಗಳಲ್ಲಿ ವರ್ಷಗಟ್ಟಲೆ ನಿಲ್ಲಿಸಿದ್ದವು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಸುಮಾರು ಐದು ಎಕರೆ ಜಾಗದಲ್ಲಿ ಮರದ ಕಟ್ಟಡವೊಂದು ಎದ್ದಿತು. ಅಲ್ಲಿ ಬಹುಪಾಲು ಹೆಂಗಸರೇ ಇದ್ದ ಸುಮಾರು 2,500 ಮಂದಿ, ಕೆಲಸ ತುಟ್ಟತುದಿ ಮುಟ್ಟಿದಾಗ ವಾರಕ್ಕೆ 1 ಕೋಟಿ 20 ಲಕ್ಷ ಕಾಗದಗಳನ್ನೂ 10 ಲಕ್ಷ ಪಾರ್ಸೆಲ್ಲುಗಳನ್ನೂ ವಿಂಗಡಿಸುತ್ತಿದ್ದರು. ಪಡೆಗಳು ಜಾಗ ಬದಲಿಸಿದಂತೆ ವಿಂಗಡಣೆಯ ಪಟ್ಟಿಯನ್ನೂ ತಿದ್ದಬೇಕಿತ್ತು. ಜರ್ಮನಿಯ ‘ಫೆಲ್ಡ್‌ಪೋಸ್ಟ್’ ಯುದ್ಧದುದ್ದಕ್ಕೂ ಸಾಗಿಸಿದ್ದು ಎರಡೂ ದಿಕ್ಕಿನದು ಸೇರಿ ಸುಮಾರು 2,800 ಕೋಟಿ ಅಂಚೆವಸ್ತುಗಳನ್ನು.

ಬ್ರಿಟಿಷ್ ಪಡೆಯಲ್ಲಿ ಸಿಪಾಯಿಯ ಕಾಗದವನ್ನು ಅವನ ತುಕಡಿಯ ಅಧಿಕಾರಿಯೇ ಓದಿ, ಊರಿನ ಹೆಸರು, ಪಡೆಯ ಚಲನೆ, ಸಾವುನೋವಿನ ವಿವರ ಕಂಡರೆ ಮಸಿ ಬಳಿಯುತ್ತಿದ್ದ. ದಿನವೂ ಮುಖ ನೋಡುವ ಅಧಿಕಾರಿ ಹೆಂಡತಿಗೆ ಬರೆದ ಕಾಗದ ಓದುತ್ತಾನೆಂಬ ಮುಜುಗರ ತಪ್ಪಿಸಲು ‘ಹಸಿರು ಲಕೋಟೆ’ ಬಂತು. ಒಳಗೆ ಸ್ವಂತ ವಿಷಯ ಬಿಟ್ಟು ಬೇರೇನಿಲ್ಲವೆಂದು ಸಿಪಾಯಿ ಪ್ರಮಾಣ ಮಾಡಿ ಸಹಿ ಹಾಕಿದರೆ ಅದನ್ನು ತುಕಡಿಯಲ್ಲಿ ತೆರೆಯುತ್ತಿರಲಿಲ್ಲ. ಹಿಂದಿನ ನೆಲೆಯಲ್ಲಿ ಗುರುತಿಲ್ಲದವರು ತೆರೆದು ನೋಡಬಹುದಾಗಿತ್ತು.

ಎಲ್ಲಕ್ಕಿಂತ ಚಿಕ್ಕ ಕಾಗದವೆಂದರೆ ಅಚ್ಚಾದ ಫೀಲ್ಡ್ ಸರ್ವಿಸ್ ಪೋಸ್ಟ್‌ಕಾರ್ಡು. ಚೆನ್ನಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ, ನಿಮ್ಮ ಕಾಗದ ತಲುಪಿತು, ಪಾರ್ಸೆಲ್ ತಲುಪಿತು, ಬಹಳ ದಿನದಿಂದ ಕಾಗದವಿಲ್ಲ, ಮತ್ತೆ ಬರೆಯುತ್ತೇನೆ ಎಂಬರ್ಥದ ಸಾಲುಗಳು ಅದರಲ್ಲಿ ಮೊದಲೇ ಇರುತ್ತಿದ್ದವು. ಬೇಡವಾದ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಸಹಿ ಮತ್ತು ದಿನಾಂಕ ಹಾಕಬೇಕು. ಅದರ ಆಚೆ ಒಂದು ಪದ ಬರೆದರೂ ಕಾರ್ಡು ನಾಶವಾಗುತ್ತಿತ್ತು. ಕನ್ನಡದ ಹಳೆಯ ಕಾಗದಗಳು ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಆರಂಭವಾಗುತ್ತಿದ್ದವು: ಎರಡೂ ಕಡೆಯ ಕ್ಷೇಮ ಮೊದಲು, ಇತ್ತೀಚಿನ ಸಮಾಚಾರ ಆಮೇಲೆ. ಈ ಕಾರ್ಡಿನಲ್ಲಿ ಸಾಂಪ್ರತ ಎಂಬುದೇ ಇಲ್ಲ. ಕುಶಲವಷ್ಟೇ, ಅದೂ ಒಂದೇ ಕಡೆಯದು. ಅಷ್ಟಾದರೂ ದೊಡ್ಡ ದಾಳಿಗೆ ಮುನ್ನ, ದಾಳಿ ಮುಗಿದ ಮೇಲೆ ಸಿಪಾಯಿಗಳು ಮುಗಿಬಿದ್ದು ಕಳಿಸುತ್ತಿದ್ದುದು ಇದನ್ನೇ. ತನ್ನ ಕೈಯಿಂದ ಬಿದ್ದ ಸಹಿ ಮತ್ತು ದಿನಾಂಕ, ಆ ದಿನದವರೆಗೆ ಬದುಕಿದ್ದೇನೆ ಎಂಬುದಕ್ಕೆ ಸಾಕ್ಷಿಯಾಗಿತ್ತು.

ಭಾರತೀಯ ಸೈನಿಕರ ಕಾಗದಗಳು

ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿ ಸೇವೆ ಸಲ್ಲಿಸಿದರು. ಮೊದಲ ತಂಡಗಳು 1914ರ ಸೆಪ್ಟೆಂಬರ್ ಕೊನೆಗೆ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿಳಿದವು. 1915ರ ಮಾರ್ಚಿ‌ನ ಹೊತ್ತಿಗೆ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳು ವಾರಕ್ಕೆ 10,000ದಿಂದ 20,000 ಕಾಗದ ಬರೆಯುತ್ತಿದ್ದರು. ಅವರಲ್ಲಿ ಅನೇಕರಿಗೆ ಓದುಬರಹ ಬಾರದು. ಅವರು ಹೇಳಿದ್ದನ್ನು ಓದುಬಲ್ಲ ಸಂಗಾತಿ ಉರ್ದು, ಹಿಂದಿ ಅಥವಾ ಗುರುಮುಖಿಯಲ್ಲಿ ಬರೆಯುತ್ತಿದ್ದ. ಊರಿನಲ್ಲಿ ಅದನ್ನು ಓದಬಲ್ಲ ಇನ್ನೊಬ್ಬರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಸುತ್ತ ಹತ್ತಾರು ಮಂದಿ ಕೇಳುತ್ತಿದ್ದರು. ಎರಡೂ ತುದಿಯಲ್ಲಿ ಗುಟ್ಟಿಗೆ ಜಾಗವಿರಲಿಲ್ಲ.

ನಡುವೆ ಕುಳಿತದ್ದು ಭಾರತೀಯ ಅಂಚೆಯ ಸೆನ್ಸಾರ್ ಕಚೇರಿ. ಅದು ಬಹುಕಾಲ ಬುಲೋನ್‌ನಲ್ಲಿತ್ತು. ಇಂಡಿಯನ್ ಸಿವಿಲ್ ಸರ್ವೀಸಿನ ಇವಲಿನ್ ಹೌವೆಲ್ ಅದರ ಮೊದಲ ಮುಖ್ಯಸ್ಥ. ಎಲ್ಲ ಕಾಗದ ಓದುವುದು ಅಸಾಧ್ಯವಾದ್ದರಿಂದ ಕೆಲವನ್ನು ಆಯ್ದು ಓದಿ, ಸಿಪಾಯಿಗಳ ಮನಃಸ್ಥಿತಿ ತಿಳಿಸುವ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ, ವರದಿಯೊಂದಿಗೆ ಮೇಲಿನವರಿಗೆ ಕಳಿಸುತ್ತಿದ್ದರು. ಓದುವವರಿದ್ದಾರೆಂದು ಸಿಪಾಯಿಗಳಿಗೂ ಗೊತ್ತಿತ್ತು. ಅವರು ಒಗಟಿನ ಭಾಷೆ ಕಂಡುಕೊಂಡರು. ಕರಿಮೆಣಸು ಎಂದರೆ ಭಾರತೀಯ ಸೈನಿಕ, ಕೆಂಪು ಮೆಣಸು ಎಂದರೆ ಬಿಳಿಯ ಸೈನಿಕ. ಕರಿಮೆಣಸು ಮುಗಿಯುತ್ತ ಬಂದಿದೆ ಎಂದು ಬರೆದರೆ, ನಮ್ಮವರು ಬಹಳ ಜನ ಸತ್ತಿದ್ದಾರೆ ಎಂದರ್ಥ. ಅಡುಗೆಮನೆಯ ಮಾತಿನೊಳಗೆ ಅಡಗಿಸಿದ ಈ ಸುದ್ದಿಯನ್ನು ಸೆನ್ಸಾರಿನವರು ಬೇಗನೆ ಬಿಡಿಸಿದರು. ಬಿಡಿಸಿದ್ದರಿಂದಲೇ ಅದು ನಮಗೂ ತಿಳಿದಿದೆ. ಹಳ್ಳಿ ತಲುಪಿದ ಮೂಲ ಕಾಗದಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಕಳೆದುಹೋಗಿವೆ. ಸೆನ್ಸಾರಿನವರು ನಕಲು ಮಾಡಿಕೊಂಡ ಭಾಗಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಇತಿಹಾಸಕಾರ ಡೇವಿಡ್ ಒಮಿಸ್ಸಿ ಅವುಗಳಿಂದ ಆಯ್ದ ಸಂಕಲನವನ್ನು 1999ರಲ್ಲಿ ಪ್ರಕಟಿಸಿದರು.

ಕರ್ನಾಟಕದ ಮಟ್ಟಿಗೆ ಈ ಯುದ್ಧದ ಕಡಲಾಚೆಯ ಮುಖ್ಯ ಅಧ್ಯಾಯ ಮೈಸೂರು ಸಂಸ್ಥಾನದ ಅಶ್ವಪಡೆಯದು. ಮೈಸೂರು ಲ್ಯಾನ್ಸರ್ಸ್ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ರಂಗದಲ್ಲಿ ಹೋರಾಡಿ, ಜೋಧಪುರದ ಸವಾರರೊಂದಿಗೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದಿತು.

ಸಿಪಾಯಿಗಳಿಗಾಗಿ 1909ರಲ್ಲಿ ‘ಫೌಜಿ ಅಖ್ಬಾರ್’ ಎಂಬ ಉರ್ದು ಪತ್ರಿಕೆ ಆರಂಭವಾಗಿತ್ತು. ಮುಂದೆ ಅದು ‘ಸೈನಿಕ ಸಮಾಚಾರ’ವಾಗಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬರತೊಡಗಿತು.

ಎರಡನೆಯ ಮಹಾಯುದ್ಧ

ಈ ಯುದ್ಧದಲ್ಲಿ ದೂರ ಹೆಚ್ಚಿತು, ಹಡಗಿನಲ್ಲಿ ಜಾಗ ಕಡಿಮೆಯಾಯಿತು. ಮೆಡಿಟರೇನಿಯನ್ ದಾರಿ ಅಪಾಯಕ್ಕೆ ಸಿಲುಕಿದ್ದರಿಂದ ಈಜಿಪ್ಟಿನಲ್ಲಿದ್ದ ಪಡೆಯ ಕಾಗದ ಆಫ್ರಿಕಾ ಸುತ್ತಿ ಬ್ರಿಟನ್ ತಲುಪಲು ತಿಂಗಳುಗಳೇ ಬೇಕಾದವು. ವಿಮಾನಕ್ಕೆ ಹೇರೋಣವೆಂದರೆ ಕಾಗದದ ತೂಕ ಅಡ್ಡ. ಇದಕ್ಕೆ ಪರಿಹಾರವಾಗಿ 1941ರಲ್ಲಿ ಕೈರೋದಿಂದ ‘ಏರ್‌ಗ್ರಾಫ್’ ಆರಂಭವಾಯಿತು. ಕಾಗದದ ಫೋಟೊ ತೆಗೆದು, ಫಿಲ್ಮಿನ ಸುರುಳಿಯನ್ನಷ್ಟೇ ವಿಮಾನದಲ್ಲಿ ಕಳಿಸಿ, ಆ ತುದಿಯಲ್ಲಿ ಮತ್ತೆ ಅಚ್ಚು ಹಾಕಿ ಹಂಚುವ ವಿಧಾನವಿದು. ಅಮೆರಿಕ 1942ರ ಜೂನ್‌ನಲ್ಲಿ ಇದನ್ನೇ ‘ವಿ-ಮೇಲ್’ ಹೆಸರಿನಲ್ಲಿ ಅಳವಡಿಸಿಕೊಂಡಿತು. ಒಂದೂವರೆ ಲಕ್ಷ ಒಂದು ಹಾಳೆಯ ಕಾಗದಗಳಿಗೆ 37 ಅಂಚೆಚೀಲ ಬೇಕಿದ್ದಲ್ಲಿ ಒಂದೇ ಚೀಲ ಸಾಕಾಯಿತು; 2,575 ಪೌಂಡ್ ತೂಕ 45 ಪೌಂಡಿಗೆ ಇಳಿಯಿತು. 1945ರ ನವೆಂಬರ್‌ನಲ್ಲಿ ನಿಲ್ಲುವಷ್ಟರಲ್ಲಿ ಹೀಗೆ ಸಾಗಿದ ಕಾಗದಗಳು ನೂರು ಕೋಟಿ ಮೀರಿದ್ದವು.

ಉಳಿತಾಯಕ್ಕೆ ಬೆಲೆಯೂ ಇತ್ತು. ಮನೆಗೆ ತಲುಪುತ್ತಿದ್ದುದು ಅಂಗೈಯಗಲದ ಮಸುಕು ಪ್ರತಿ. ಬರೆದವರ ಕೈ ಮುಟ್ಟಿದ ಹಾಳೆಯಲ್ಲ, ಅದರ ಚಿತ್ರ. ಹೂವಿನ ಎಸಳಾಗಲಿ ಅತ್ತರಾಗಲಿ ಅದರಲ್ಲಿ ಹೋಗುವಂತಿರಲಿಲ್ಲ. ಹೆಂಗಸರು ಕಾಗದದ ಮೇಲೆ ತುಟಿಯೊತ್ತಿ ಕಳಿಸಿದ ಲಿಪ್‌ಸ್ಟಿಕ್ ಗುರುತು ಯಂತ್ರಕ್ಕೆ ಮೆತ್ತಿಕೊಂಡು ತೊಂದರೆ ಕೊಡುತ್ತಿತ್ತು. ಒಂದು ವಿನಾಯಿತಿಯಿತ್ತು. ತಂದೆ ಹೊರಟ ಮೇಲೆ ಹುಟ್ಟಿದ ಎಳೆಗೂಸಿನ ಫೋಟೊವನ್ನು ಹಾಳೆಗೆ ಅಂಟಿಸಲು ಅನುಮತಿಯಿತ್ತು. ಎಷ್ಟೋ ತಂದೆಯರು ಮಗುವಿನ ಮುಖ ಮೊದಲು ಕಂಡದ್ದು ಹೀಗೆ.

ಸೋವಿಯತ್ ಒಕ್ಕೂಟದಲ್ಲಿ ಲಕೋಟೆಗಳಿಗೇ ಬರ. ಸೈನಿಕರು ಹಾಳೆಯನ್ನು ತ್ರಿಕೋನವಾಗಿ ಮಡಿಸಿ, ಮೇಲೆ ವಿಳಾಸ ಬರೆದು, ಚೀಟಿ ಇಲ್ಲದೆ ಕಳಿಸುತ್ತಿದ್ದರು. ಅಂಟಿಸದ ತ್ರಿಕೋನವನ್ನು ಬಿಚ್ಚಿ ಓದಿ ಮತ್ತೆ ಮಡಿಸುವುದು ಸೆನ್ಸಾರಿಗೂ ಸುಲಭವಾಗಿತ್ತು.

ಅಂಚೆ ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬರ್ಮಿಂಗ್‌ಹ್ಯಾಮ್‌ನ ಪ್ರಸಂಗ ನಿದರ್ಶನ. ಯುರೋಪಿನಲ್ಲಿದ್ದ ಅಮೆರಿಕನ್ ಪಡೆಗಳಿಗೆ ಸೇರಬೇಕಾದ, ಸುಮಾರು 1 ಕೋಟಿ 70 ಲಕ್ಷವೆಂದು ಅಂದಾಜಾದ ಕಾಗದ ಮತ್ತು ಪಾರ್ಸೆಲ್ಲುಗಳು ಅಲ್ಲಿನ ಉಗ್ರಾಣಗಳಲ್ಲಿ ಕೊಳೆಯುತ್ತಿದ್ದವು. ಪಾರ್ಸೆಲ್ಲಿನ ತಿಂಡಿಗೆ ಇಲಿಗಳು ಮುತ್ತಿದ್ದವು. 1945ರ ಫೆಬ್ರವರಿಯಲ್ಲಿ ಮೇಜರ್ ಚಾರಿಟಿ ಆಡಮ್ಸ್ ನೇತೃತ್ವದಲ್ಲಿ ಕಪ್ಪು ಮಹಿಳೆಯರೇ ಹೆಚ್ಚಾಗಿದ್ದ 6888ನೆಯ ಅಂಚೆ ಬೆಟಾಲಿಯನ್ ಅಲ್ಲಿಗೆ ಬಂತು. ಅಲ್ಲಿ ಒಂದೇ ಹೆಸರಿನ ಸಾವಿರಾರು ಸೈನಿಕರು: ರಾಬರ್ಟ್ ಸ್ಮಿತ್ ಎಂಬ ಹೆಸರಿನವರೇ ಸುಮಾರು 7,500. ಸೈನಿಕ ಸಂಖ್ಯೆ ನಮೂದಿಸಿದ ಸುಮಾರು 70 ಲಕ್ಷ ಕಾರ್ಡುಗಳ ನೆರವಿನಿಂದ ಅವರು ವಿಂಗಡಿಸಿದರು. ಆರು ತಿಂಗಳ ಕೆಲಸ ಮೂರೇ ತಿಂಗಳಲ್ಲಿ ಮುಗಿಯಿತು. ಟಪಾಲಿಲ್ಲದಿದ್ದರೆ ಸ್ಥೈರ್ಯ ಕುಗ್ಗುತ್ತದೆ ಎಂಬುದು ಅವರ ಘೋಷವಾಕ್ಯದ ಭಾವ.

ಯುದ್ಧಕೈದಿಗಳ ಸಂಪರ್ಕ

ಸೆರೆ ಸಿಕ್ಕವನ ವಿಷಯದಲ್ಲಿ ಮೂರನೆಯವನಾಗಿ ಶತ್ರುವೇ ಬರುತ್ತಾನೆ. ಅಂತಾರಾಷ್ಟ್ರೀಯ ರೆಡ್‌ಕ್ರಾಸ್ 1914ರಲ್ಲಿ ಜಿನೀವಾದಲ್ಲಿ ಕೈದಿಗಳ ಮಾಹಿತಿ ಕೇಂದ್ರ ತೆರೆದು, ಹೆಸರುಗಳ ಚೀಟಿ ಜೋಡಿಸಿ ಮನೆಯವರಿಗೆ ತಿಳಿಸುವ ಕೆಲಸಕ್ಕಿಳಿಯಿತು. 1949ರ ಮೂರನೆಯ ಜಿನೀವಾ ಒಪ್ಪಂದದ ಪ್ರಕಾರ, ಶಿಬಿರ ತಲುಪಿದ ಒಂದು ವಾರದೊಳಗೆ ಕೈದಿ ಮನೆಗೆ ‘ಸೆರೆಯಾದ ಕಾರ್ಡು’ ಬರೆಯಲು ಅವಕಾಶ ಕೊಡಬೇಕು. ಆಮೇಲೆ ತಿಂಗಳಿಗೆ ಕಡಿಮೆಯೆಂದರೂ ಎರಡು ಕಾಗದ, ನಾಲ್ಕು ಕಾರ್ಡು ಅವನ ಹಕ್ಕು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದ ಮೇಲೆ ಜಪಾನಿನ ಸೆರೆಯಲ್ಲಿದ್ದವರ ಪಾಡು ಇದಕ್ಕೆ ತದ್ವಿರುದ್ಧ. ಅನೇಕ ಕುಟುಂಬಗಳು ಒಂದೇ ಒಂದು ಅಚ್ಚಿನ ಕಾರ್ಡಿಗಾಗಿ ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು.

ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕ, ಕೊಡಗಿನ ಕೆ.ಎಂ. ಕಾರ್ಯಪ್ಪನವರ ಮಗ, ವಾಯುಪಡೆಯ ಕೆ.ಸಿ. ಕಾರ್ಯಪ್ಪ 1965ರ ಯುದ್ಧದ ಕೊನೆಯ ದಿನ ಪಾಕಿಸ್ತಾನದ ಸೆರೆಯಾದರು. ಬಿಡುಗಡೆಯಾದದ್ದು 1966ರ ಜನವರಿಯಲ್ಲಿ.

ಸ್ವತಂತ್ರ ಭಾರತದ ಸೇನಾ ಅಂಚೆ

ಸ್ವಾತಂತ್ರ್ಯಾನಂತರ ಕಡಲಾಚೆ ಹೋದ ಭಾರತೀಯ ಪಡೆಗಳು ಹೆಚ್ಚಾಗಿ ಶಾಂತಿಪಾಲನೆಗೆ ಹೋದವು. 1953ರಲ್ಲಿ ಕೊರಿಯಾ ಕದನವಿರಾಮದ ಬಳಿಕ ಕೈದಿಗಳ ಹಸ್ತಾಂತರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ ಅಧ್ಯಕ್ಷರು. ಅವರ ಜೊತೆಗಿದ್ದ ಭಾರತೀಯ ಕಾವಲು ಪಡೆ ತನ್ನ ಮಣ್ಣು ತುಳಿಯಕೂಡದೆಂದು ದಕ್ಷಿಣ ಕೊರಿಯಾ ಸರ್ಕಾರ ಹಟ ಹಿಡಿದಿದ್ದರಿಂದ ಸೈನಿಕರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ‘ಹಿಂದ್ ನಗರ’ವೆಂಬ ಡೇರೆಗಳ ಊರು ಎದ್ದಿತು. ಆ ಪಡೆಗಾಗಿ 1949ರ ಪುರಾತತ್ತ್ವ ಸರಣಿಯ ಅಂಚೆಚೀಟಿಗಳ ಮೇಲೆ ‘ಭಾರತೀಯ ಸಂರಕ್ಷಾ ಕಟಕ ಕೊರಿಯಾ’ ಎಂದು ನಾಗರಿ ಲಿಪಿಯಲ್ಲಿ ಮೇಲಚ್ಚು ಹಾಕಲಾಯಿತು. ಅಜಂತೆಯ ಆನೆಗಳಿಂದ ಹಿಡಿದು ದೇಶದ ಶಿಲ್ಪ–ಸ್ಮಾರಕಗಳೇ ತುಂಬಿದ್ದ ಆ ಸರಣಿಯ ಆರಾಣೆಯ ಚೀಟಿಯಲ್ಲಿದ್ದುದು ವಿಜಯಪುರದ ಗೋಲಗುಮ್ಮಟ. ಇಂಡೋಚೀನಾದ ಆಯೋಗಗಳಿಗಾಗಿ 1954ರಲ್ಲಿ, ಕಾಂಗೋ ಪಡೆಗಾಗಿ 1962ರಲ್ಲಿ, ಗಾಜಾದ ಪಡೆಗಾಗಿ 1965ರಲ್ಲಿ ಇಂಥ ಮೇಲಚ್ಚಿನ ಚೀಟಿಗಳು ಬಂದವು. ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ತೀರಿಕೊಂಡರು.

ಅಂಚೆ ಇಲಾಖೆಯಿಂದ ಸ್ವಇಚ್ಛೆಯಿಂದ ಬಂದವರೇ ಹೆಚ್ಚಾಗಿರುವ ಸೇನಾ ಅಂಚೆ ವಿಭಾಗ 1972ರ ಮಾರ್ಚ್ 1ರಂದು ಸ್ವತಂತ್ರ ಕೋರ್ ಆಯಿತು. ಅದರ ತರಬೇತಿ ಕೇಂದ್ರ ನಾಗಪುರದ ಬಳಿಯ ಕಾಮ್ಠಿಯಲ್ಲಿದೆ. ಕೆಲಸದ ಬಗೆ ಸರಳ, ಆದರೆ ಜಾಣತನದ್ದು. ಮನೆಯವರು ಲಕೋಟೆಯ ಮೇಲೆ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಘಟಕ ಬರೆದು, ಕೊನೆಗೆ ‘56 ಎಪಿಒ’ ಅಥವಾ ‘99 ಎಪಿಒ’ (ಆರ್ಮಿ ಪೋಸ್ಟ್ ಆಫೀಸು) ಎಂದು ಬರೆಯುತ್ತಾರೆ. ಊರಿನ ಹೆಸರು ಎಲ್ಲೂ ಇಲ್ಲ. ಮೊದಲಿನದು ದಿಲ್ಲಿಯ, ಎರಡನೆಯದು ಕೋಲ್ಕತ್ತದ ಕೇಂದ್ರ ಮೂಲ ಅಂಚೆ ಕಚೇರಿಗೆ ಹೋಗುತ್ತದೆ. ಘಟಕ ಇವತ್ತು ಎಲ್ಲಿದೆ ಎಂಬುದು ಅಲ್ಲಿಯ ಪಟ್ಟಿಯಲ್ಲಿರುತ್ತದೆ. ಹಳ್ಳಿಯ ಪೋಸ್ಟ್‌ಮಾಸ್ತರರಿಗೆ ತಿಳಿಯಬೇಕಿಲ್ಲ. ಘಟಕ ಮರುಭೂಮಿಯಿಂದ ಹಿಮಕ್ಕೆ, ಅಲ್ಲಿಂದ ಕಡಲಾಚೆಗೆ ಹೋದರೂ ವಿಳಾಸ ಬದಲಾಗದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡಿನಲ್ಲೂ ಇದೇ ತರ್ಕವಿದೆ. 1ರಿಂದ 8ರವರೆಗಿನ ಮೊದಲ ಅಂಕಿಗಳು ದೇಶದ ಭೂಭಾಗಗಳಿಗೆ ಮೀಸಲು, ಕರ್ನಾಟಕ 5ರ ವಲಯದಲ್ಲಿದೆ. 9 ಯಾವ ಊರಿಗೂ ಸೇರಿದ್ದಲ್ಲ, ಅದು ಸೇನಾ ಅಂಚೆಯದು. ಹಡಗಿನಲ್ಲಿರುವವರ ಕಾಗದಗಳನ್ನು ನೌಕಾಪಡೆಯ ಫ್ಲೀಟ್ ಮೇಲ್ ಆಫೀಸುಗಳು ನೋಡಿಕೊಳ್ಳುತ್ತವೆ.

ಹಳ್ಳಿಗಳಲ್ಲಿ ಮಿಲಿಟರಿಯವರ ಮನೆಗೆ ಕಾಗದದಷ್ಟೇ ಮುಖ್ಯವಾಗಿದ್ದುದು ಮನಿಯಾರ್ಡರು. ಫಾರಮ್ಮಿನ ಕೆಳಗಿನ ತುಂಡಿನಲ್ಲಿ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತು. ಪೋಸ್ಟ್‌ಮ್ಯಾನ್ ಹಣ ಎಣಿಸಿಕೊಟ್ಟು, ಆ ಸಾಲುಗಳನ್ನು ಓದಿ ಹೇಳಿ, ತುಂಡನ್ನು ಹರಿದು ಮನೆಯವರ ಕೈಗಿಡುತ್ತಿದ್ದ. ತಂತಿಗೆ ಮಾತ್ರ ಎಲ್ಲರೂ ಹೆದರುತ್ತಿದ್ದರು. ‘ತಂತಿ ಬಂತು’ ಎಂದರೆ ಓದುವ ಮೊದಲೇ ಮನೆಯಲ್ಲಿ ಅಳು ಏಳುತ್ತಿತ್ತು. ದೇಶದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು.

ಧ್ವನಿಯ ಕಾಲ

ಮನೆಯ ದನಿ ಕೇಳಬೇಕೆಂಬ ಹಂಬಲಕ್ಕೆ ಮೊದಲು ಒದಗಿದ್ದು ರೇಡಿಯೊ. 1941ರಲ್ಲಿ ಬಿಬಿಸಿಯಲ್ಲಿ ಗಾಯಕಿ ವೆರಾ ಲಿನ್ ನಡೆಸಿಕೊಟ್ಟ ಕಾರ್ಯಕ್ರಮ ಕಡಲಾಚೆಯ ಸೈನಿಕರಿಗೆ ಮನೆಯವರ ಸಂದೇಶಗಳನ್ನೂ ಹೊತ್ತು ತರುತ್ತಿತ್ತು. ಭಾರತದಲ್ಲಿ ವಿವಿಧ ಭಾರತಿಯ ‘ಜಯಮಾಲಾ’ ಸೈನಿಕರು ಕೇಳಿದ ಚಿತ್ರಗೀತೆಗಳನ್ನು ಅವರ ಹೆಸರು ಹೇಳಿ ಪ್ರಸಾರ ಮಾಡಿತು. ಇಲ್ಲಿ ಹಾಡು ನೆಪ. ಹೆಸರು ಗಾಳಿಯಲ್ಲಿ ಬಂತೆಂಬುದು ಮನೆಯವರಿಗೆ ಕ್ಷೇಮ ಸಮಾಚಾರ.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕನ್ ಸೈನಿಕರು ಟೇಪಿನಲ್ಲಿ ಮಾತು ತುಂಬಿ ಮನೆಗೆ ಕಳಿಸಿದರು. ‘ಮಾರ್ಸ್’ ಎಂಬ ವ್ಯವಸ್ಥೆಯಲ್ಲಿ ಯುದ್ಧಭೂಮಿಯ ರೇಡಿಯೊವನ್ನು ಅಮೆರಿಕದ ಹವ್ಯಾಸಿಯೊಬ್ಬ ತನ್ನ ಮನೆಯಲ್ಲಿ ಹಿಡಿದು, ಅದನ್ನು ಸ್ಥಳೀಯ ಟೆಲಿಫೋನಿಗೆ ಜೋಡಿಸಿಕೊಡುತ್ತಿದ್ದ. ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಅವರ ಅರಿಜೋನಾದ ಮನೆಯಲ್ಲೂ ಇಂಥ ಕೇಂದ್ರವಿತ್ತು. ಈ ರೇಡಿಯೊದಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬಹುದು. ಆದ್ದರಿಂದ ಪ್ರತಿ ಮಾತಿನ ಕೊನೆಗೆ ‘ಓವರ್’ ಎನ್ನಬೇಕು. ಆಗ ಹವ್ಯಾಸಿ ಸ್ವಿಚ್ಚು ತಿರುಗಿಸುತ್ತಾನೆ. ಪ್ರೀತಿಯ ಮಾತಿಗೂ ಓವರ್, ಅದಕ್ಕೆ ಉತ್ತರವಾಗಿ ಬಂದ ಅಳುವಿಗೂ ಓವರ್. ಗುರುತಿಲ್ಲದ ಆ ಮೂರನೆಯವನು ಎಲ್ಲವನ್ನೂ ಕೇಳಿಸಿಕೊಳ್ಳದೆ ವಿಧಿಯಿಲ್ಲ.

ಅಂತರ್ಜಾಲ ಮತ್ತು ಭದ್ರತೆ

1990ರ ದಶಕದ ಕೊನೆಯಿಂದ ಇ-ಮೇಲ್, ಉಪಗ್ರಹ ಫೋನು, ಆಮೇಲೆ ವಿಡಿಯೊ ಕರೆ ಬಂದು, ವಾರಗಳ ದೂರ ಕ್ಷಣಕ್ಕೆ ಇಳಿಯಿತು. ಬ್ರಿಟನ್ನಿನಲ್ಲಿ ಸೈನಿಕರಿಗೆ ಉಚಿತವಾಗಿದ್ದ ನೀಲಿ ಏರೋಗ್ರಾಮಿನ ಜೊತೆಗೆ ‘ಇ-ಬ್ಲೂಯಿ’ ಸೇರಿತು. ಮನೆಯವರು ಕಂಪ್ಯೂಟರಿನಲ್ಲಿ ಬರೆದುದನ್ನು ನೆಲೆಯಲ್ಲಿ ಅಚ್ಚು ಹಾಕಿ, ಅಂಟಿಸಿ, ಸೈನಿಕನ ಕೈಗೆ ಕೊಡುತ್ತಿದ್ದ ಸೇವೆಯದು. ಒಂದರ್ಥದಲ್ಲಿ ಏರ್‌ಗ್ರಾಫಿನ ಮೊಮ್ಮಗ.

ಆದರೆ ಸೈನ್ಯಗಳ ಎಚ್ಚರಿಕೆಯೂ ಬೆಳೆಯಿತು. ಅಮೆರಿಕದ ರಕ್ಷಣಾ ಇಲಾಖೆ 2007ರಲ್ಲಿ ತನ್ನ ಜಾಲದಲ್ಲಿ ಯೂಟ್ಯೂಬ್ ಸೇರಿ ಹಲವು ತಾಣಗಳನ್ನು ತಡೆಹಿಡಿದು, 2010ರಲ್ಲಿ ನಿಯಮ ಸಡಿಲಿಸಿತು. 2018ರ ಜನವರಿಯಲ್ಲಿ, ಓಟದ ಲೆಕ್ಕವಿಡುವ ಸ್ಟ್ರಾವಾ ಆ್ಯಪಿನ ವಿಶ್ವನಕ್ಷೆಯಲ್ಲಿ ಮರುಭೂಮಿಯ ನಡುವೆ ಸೈನಿಕರು ಓಡಿದ ದಾರಿಗಳು ಬೆಳಗಿ, ನೆಲೆಗಳ ಆಕಾರ ಬಯಲಾಯಿತು. 2020ರ ಜನವರಿಯಲ್ಲಿ ಪಶ್ಚಿಮ ಏಷ್ಯಾಕ್ಕೆ ಹೊರಟ ಅಮೆರಿಕದ 82ನೆಯ ಏರ್‌ಬೋರ್ನ್ ಡಿವಿಷನ್ನಿನ ಸೈನಿಕರಿಗೆ ಮೊಬೈಲುಗಳನ್ನು ಮನೆಯಲ್ಲೇ ಬಿಟ್ಟು ಬರಲು ಹೇಳಲಾಯಿತು. ಅದೇ ವರ್ಷದ ಜುಲೈನಲ್ಲಿ ಭಾರತೀಯ ಭೂಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪುಗಳನ್ನು ಅಳಿಸುವಂತೆ ತನ್ನ ಸಿಬ್ಬಂದಿಗೆ ಸೂಚಿಸಿತು. ಹಿಂದೆ ಮಸಿ ಬಳಿಯುತ್ತಿದ್ದ ಅಧಿಕಾರಿಯ ಕೆಲಸ ಈಗ ಸೈನಿಕ ಮತ್ತು ಅವನ ಮನೆಯವರ ಪಾಲಿಗೇ ಬಂದಿದೆ. ಹೊರಡುವ ದಿನ, ಮರಳುವ ದಿನ, ಜಾಗದ ಹೆಸರು, ಫೋಟೊದ ಹಿನ್ನೆಲೆ ಯಾವುದನ್ನೂ ಹೊರಗೆ ಹಾಕಬಾರದೆಂದು ಕುಟುಂಬಗಳಿಗೂ ತಿಳಿಹೇಳಲಾಗುತ್ತದೆ.

ಕುಟುಂಬದ ಮೇಲಿನ ಪರಿಣಾಮ ಮತ್ತು ರೂಢಿಗಳು

ಅಮೆರಿಕದ ಮನೋವೈದ್ಯ ಸೈಮನ್ ಪಿಂಕಸ್ ಮತ್ತು ಸಂಗಡಿಗರು 2001ರಲ್ಲಿ ನಿಯೋಜನೆಯ ಭಾವಚಕ್ರವನ್ನು ಐದು ಘಟ್ಟಗಳಾಗಿ ವಿವರಿಸಿದರು: ಹೊರಡುವ ಮುನ್ನಿನ ದಿನಗಳು, ಹೊರಟ ಮೊದಲ ತಿಂಗಳು, ಒಗ್ಗಿಕೊಂಡ ನಡುಗಾಲ, ಮರಳುವ ಮುನ್ನಿನ ತಿಂಗಳು, ಮರಳಿದ ಮೇಲಿನ ಹೊಂದಾಣಿಕೆ. ಮರಳಿದ ಮೇಲಿನ ಘಟ್ಟವೂ ಸುಲಭದ್ದಲ್ಲ. ಮನೆಯ ಯಜಮಾನಿಕೆ ಅಷ್ಟು ದಿನ ಒಬ್ಬರ ಕೈಯಲ್ಲೇ ಇತ್ತು. ಬಂದವರಿಗೆ ಅದರಲ್ಲಿ ಪಾಲು ಕೊಡಬೇಕು.

ಕಾಗದದ ಕಾಲದಿಂದ ಬಂದ ಕೆಲವು ರೂಢಿಗಳು ಇಂದಿಗೂ ಉಪಯುಕ್ತ. ಕಾಗದಗಳಿಗೆ ಕ್ರಮಸಂಖ್ಯೆ ಹಾಕುವುದು ಅದರಲ್ಲೊಂದು. ಸೇನಾ ಅಂಚೆ ಹಿಂದುಮುಂದಾಗಿ ಬರುವುದುಂಟು. ಮಗುವಿಗೆ ಜ್ವರ ಇಳಿದ ಕಾಗದ ಮೊದಲು ತಲುಪಿ, ಜ್ವರ ಬಂದ ಕಾಗದ ಆಮೇಲೆ ಬಂದರೆ ಓದಿದವನಿಗೆ ದಿಗಿಲು. ಸಂಖ್ಯೆಯಿದ್ದರೆ ಯಾವುದು ಹಿಂದಿನದು, ಯಾವುದು ಕಳೆದುಹೋಗಿದೆ ಎಂಬುದು ತಿಳಿಯುತ್ತದೆ. ಎಳೆಯ ಮಕ್ಕಳಿಗಾಗಿ ಸೈನಿಕರು ಕಥೆಪುಸ್ತಕ ಓದುವುದನ್ನು ಚಿತ್ರೀಕರಿಸಿ ಮನೆಗೆ ಕಳಿಸುವ ಯೋಜನೆಯೊಂದು ಅಮೆರಿಕದಲ್ಲಿ 1989ರಿಂದ ನಡೆಯುತ್ತಿದೆ. ಭಾರತದಲ್ಲಿ 1966ರಲ್ಲಿ ಸ್ಥಾಪಿತವಾದ ಸೇನಾ ಪತ್ನಿಯರ ಕಲ್ಯಾಣ ಸಂಘ ಮತ್ತು ಜಿಲ್ಲಾ ಸೈನಿಕ ಮಂಡಳಿಗಳು ಕುಟುಂಬಗಳಿಗೆ ನೆರವಾಗುತ್ತವೆ.

ದಿನವೂ ಮಾತಾಡುವುದರಿಂದ ಕಷ್ಟಗಳೂ ಹುಟ್ಟಿವೆ. ನೀರಿನ ಮೋಟರು ಕೆಟ್ಟದ್ದು, ಅತ್ತೆಯ ಸಕ್ಕರೆ ಕಾಯಿಲೆ ಏರಿದ್ದು ಆಗಿಂದಾಗಲೇ ಕಿವಿಗೆ ಬೀಳುತ್ತದೆ, ಆದರೆ ಅಲ್ಲಿಂದ ಏನೂ ಮಾಡಲಾಗದು. ಈ ಕಡೆಯವರಿಗೆ ಕರೆಯ ನಡುವೆ ಸೈರನ್ನು ಕೇಳಿಸಿ, ಸಂಪರ್ಕ ಕಡಿದರೆ ಮುಂದಿನ ಕರೆ ಬರುವವರೆಗೆ ಅನ್ನ ಇಳಿಯದು.

ಇದಕ್ಕೆ ಸೇರಿಕೊಂಡದ್ದು ಸಂಪರ್ಕ ನಿಷೇಧದ ಪದ್ಧತಿ. ಯಾರಾದರೂ ಸತ್ತರೆ ಅಥವಾ ತೀವ್ರವಾಗಿ ಗಾಯಗೊಂಡರೆ, ಅವರ ಮನೆಗೆ ಅಧಿಕೃತವಾಗಿ ತಿಳಿಸುವವರೆಗೆ ಇಡೀ ನೆಲೆಯ ಫೋನು ಮತ್ತು ಅಂತರ್ಜಾಲವನ್ನು ಸ್ಥಗಿತಗೊಳಿಸುತ್ತಾರೆ. ಬ್ರಿಟಿಷ್ ಪಡೆಯಲ್ಲಿ ಇದಕ್ಕೆ ‘ಆಪರೇಷನ್ ಮಿನಿಮೈಸ್’ ಎಂದು ಹೆಸರು, ಅಮೆರಿಕನ್ನರಲ್ಲಿ ‘ರಿವರ್ ಸಿಟಿ’. ಮನೆಗೆ ಸಾವಿನ ಸುದ್ದಿ ಯಾರದೋ ಮೊಬೈಲಿನಿಂದ ಮುಟ್ಟಬಾರದೆಂಬುದು ಉದ್ದೇಶ. ಆದರೆ ಪದ್ಧತಿ ತಿಳಿದ ಮನೆಗಳಲ್ಲಿ ಆ ನಿಶ್ಶಬ್ದವೇ ಸುದ್ದಿಯಾಗುತ್ತದೆ: ಯಾರಿಗೋ ಏನೋ ಆಗಿದೆ, ಯಾರೆಂದು ಗೊತ್ತಿಲ್ಲ. ಕಾಗದದ ಕಾಲದಲ್ಲಿ ಉತ್ತರ ಬಾರದಿದ್ದರೆ ಅಂಚೆ ತಡವಾಗಿದೆ ಎಂದುಕೊಳ್ಳಲು ದಾರಿಯಿತ್ತು. ಗಳಿಗೆಗೊಮ್ಮೆ ಸಂದೇಶ ಬರುವ ಕಾಲದಲ್ಲಿ ಆ ಸಮಾಧಾನ ಉಳಿದಿಲ್ಲ. ಆದ್ದರಿಂದ ಅನುಭವಸ್ಥ ಕುಟುಂಬಗಳು ಹೊರಡುವ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳುವುದುಂಟು. ಇಂತಿಷ್ಟು ದಿನ ಕರೆ ಬಾರದಿದ್ದರೂ ಗಾಬರಿಯಾಗಬಾರದು. ನಿಷೇಧ ತೆರವಾದ ಕೂಡಲೇ ಮೊದಲು ಒಂದೇ ಪದದ ಸಂದೇಶ, ಮಾತು ಆಮೇಲೆ. ಕೈಬರಹವೆಂದರೆ ಸಹಿ ಮತ್ತು ದಿನಾಂಕವಷ್ಟೇ ಇದ್ದ, ಮೊದಲನೆಯ ಮಹಾಯುದ್ಧದ ಆ ಅಚ್ಚಿನ ಕಾರ್ಡು ಹೇಳುತ್ತಿದ್ದುದನ್ನೇ ಆ ಒಂದು ಪದವೂ ಹೇಳುತ್ತದೆ.